ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ: ಎಡವಟ್ಟು ವಾಕ್ಯಗಳನ್ನು ತಿದ್ದಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಟೈಪಿಂಗ್, ಜೆರಾಕ್ಸ್ ಅಂಗಡಿ ಇಟ್ಟುಕೊಂಡವನ ಕಣ್ಣಿಗೆ ಬೀಳುವ ಇಂಗ್ಲಿಷು ಮುಖ್ಯವಾಗಿ ಮೂರು ಥರದ್ದು. ಬೆಂಗಳೂರಿನ ಕೆಲಸಕ್ಕೆ ಅರ್ಜಿ ಹಾಕುವ ಹುಡುಗ ಹುಡುಗಿಯರ ಕವರಿಂಗ್ ಲೆಟರ್, ಹೋಂಸ್ಟೇ ನಡೆಸುವವರು ಹೊರಗಿನ ಗೆಸ್ಟುಗಳಿಗೆ ಕಳಿಸುವ ಉತ್ತರ, ಆಮೇಲೆ ರಜೆ ಚೀಟಿ, ಬ್ಯಾಂಕಿನ ಪತ್ರ ಮುಂತಾದ ಚಿಲ್ಲರೆ. ಮೂರರಲ್ಲೂ ತಪ್ಪುಗಳು ಹೆಚ್ಚುಕಡಿಮೆ ಅವೇ. ಪಿಯುಸಿಗೆ ನಿಲ್ಲಿಸಿದವರೂ ಎಂ.ಎ. ಮಾಡಿದವರೂ ಒಂದೇ ಜಾಗದಲ್ಲಿ ಎಡವುತ್ತಾರೆ. ನನ್ನ ಪ್ರಕಾರ ಇದಕ್ಕೆ ಇಂಗ್ಲಿಷ್ ಬಾರದಿರುವುದಕ್ಕಿಂತ ಕನ್ನಡ ಚೆನ್ನಾಗಿ ಬರುವುದೇ ಹೆಚ್ಚಿನ ಕಾರಣ. ನಮ್ಮ ‘ಇಂದ’, ‘ಗೆ’, ‘ಅಲ್ಲಿ’, ‘ಇರುತ್ತದೆ’ ಎಲ್ಲ ವೇಷ ಬದಲಿಸಿಕೊಂಡು ಇಂಗ್ಲಿಷ್ ವಾಕ್ಯದೊಳಗೆ ಕೂತಿರುತ್ತವೆ. ಯಾವ ಪ್ರತ್ಯಯ ಯಾವ ತಪ್ಪಾಗುತ್ತದೆ ಎನ್ನುವ ಜಾಡು ಸಿಕ್ಕಿದರೆ ಮುಕ್ಕಾಲು ಪಾಲು ಎಡವಟ್ಟನ್ನು ಯಾರ ಸಹಾಯವೂ ಇಲ್ಲದೆ ತಿದ್ದಿಕೊಳ್ಳಬಹುದು. ಉಳಿದ ಕಾಲು ಪಾಲು ಹಳೇ ಕಚೇರಿ ಇಂಗ್ಲಿಷಿನ ನಕಲು. ಅದಕ್ಕೆ ಬೇರೆ ಔಷಧಿ, ಮುಂದೆ ಹೇಳುತ್ತೇನೆ.

ಇಂಗ್ಲಿಷ್ ಉದಾಹರಣೆಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಬಾಯಿಬಿಟ್ಟು ಓದಿಕೊಳ್ಳಿ. ಕಣ್ಣು ದಾಟಿಸಿ ಬಿಡುವ ತಪ್ಪನ್ನು ಕಿವಿ ಹಿಡಿಯುತ್ತದೆ.

ಹಂತ 1: ಓದುವವರು ಯಾರು?

ಶಿವಮೊಗ್ಗದ ಕಚೇರಿಗೆ ಬರೆಯುವುದಾದರೆ ‘ಔಟ್ ಆಫ್ ಸ್ಟೇಷನ್’, ‘ಕಸಿನ್ ಬ್ರದರ್’ ಎಲ್ಲ ನಡೆಯುತ್ತದೆ. ಓದುವವರೂ ನಮ್ಮವರೇ. ‘ಪ್ರೀಪೋನ್’ ಅಂತೂ ಈಗ ನಿಘಂಟುಗಳಲ್ಲೇ ಜಾಗ ಮಾಡಿಕೊಂಡಿದೆ, ಅದನ್ನು ತಪ್ಪು ಅನ್ನುವವರ ಜೊತೆ ನಾನು ವಾದಕ್ಕೂ ಇಳಿಯುವುದಿಲ್ಲ. ಆದರೆ ಜೋಗ ನೋಡಲು ಜರ್ಮನಿಯಿಂದ ಬರುವವರಿಗೆ ‘ಐ ಆ್ಯಮ್ ಔಟ್ ಆಫ್ ಸ್ಟೇಷನ್’ ಅಂದರೆ ನೀವು ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಬಂದು ನಿಂತಿದ್ದೀರಿ ಅನಿಸಬಹುದು. ಅವರಿಗೆ ‘ಐ ಆ್ಯಮ್ ಔಟ್ ಆಫ್ ಟೌನ್’ ಅಂತ ಬರೆಯಿರಿ. ಹಾಗೆಯೇ ಲಕ್ಷ, ಕೋಟಿ ಅವರಿಗೆ ತಿಳಿಯದು, ಸಂಖ್ಯೆಯನ್ನು ಪೂರ್ತಿ ಬರೆಯಬೇಕು. 05/08 ಅಂದರೆ ನಮಗೆ ಆಗಸ್ಟ್ 5, ಅಮೆರಿಕದವರಿಗೆ ಮೇ 8. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದರೆ ರೂಮು ಖಾಲಿ ಬೀಳುವುದು ತಪ್ಪುತ್ತದೆ.

ಹಂತ 2: ಮೊದಲು ಕನ್ನಡವನ್ನು ಬಿಡಿಸಿಕೊಳ್ಳಿ

‘ಇಂಗ್ಲಿಷಿನಲ್ಲೇ ಯೋಚನೆ ಮಾಡಿ’ ಎಂದು ಕೋಚಿಂಗ್ ಕೊಡುವವರೆಲ್ಲ ಹೇಳುತ್ತಾರೆ. ತಿಂಗಳಿಗೆ ನಾಲ್ಕು ಮೇಲ್ ಬರೆಯುವ ಮನುಷ್ಯನಿಗೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಕನ್ನಡದಲ್ಲೇ ಯೋಚಿಸಿ, ಆದರೆ ಇಂಗ್ಲಿಷಿಗೆ ಹೋಗುವ ಮುಂಚೆ ಆ ಕನ್ನಡವನ್ನು ತುಂಡು ಮಾಡಿಕೊಳ್ಳಿ. ನಾವು ಆಡುವಾಗ ಕರ್ತೃವನ್ನು ನುಂಗುತ್ತೇವೆ, ನಾಲ್ಕು ಕೆಲಸವನ್ನು ಒಂದೇ ದಾರದಲ್ಲಿ ಪೋಣಿಸುತ್ತೇವೆ: ‘ನಿನ್ನೆ ಫೋನ್ ಮಾಡಿದ್ರಲ್ಲ, ದುಡ್ಡು ಹಾಕಿದೀನಿ, ಬಂತಾ ನೋಡಿ ಹೇಳಿ.’ ಯಾರು ಮಾಡಿದ್ದು, ಯಾರು ಹಾಕಿದ್ದು, ಏನು ಬಂದದ್ದು, ಒಂದೂ ಬಾಯಲ್ಲಿ ಇಲ್ಲ, ಆದರೂ ನಮಗೆಲ್ಲ ಅರ್ಥವಾಗುತ್ತದೆ, ಏಕೆಂದರೆ ಕ್ರಿಯಾಪದದ ಬಾಲದಲ್ಲೇ ನಾನು, ನೀನು ಎಲ್ಲ ಇದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಅಂಥ ಬಾಲ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಾಗದದ ಮೇಲೆ ಹೀಗೆ ಬಿಡಿಸಿ: ‘ನೀವು ನಿನ್ನೆ ನನಗೆ ಫೋನ್ ಮಾಡಿದಿರಿ. ನಾನು ಇವತ್ತು ಬೆಳಿಗ್ಗೆ ಹಣ ಕಳಿಸಿದೆ. ಅದು ನಿಮಗೆ ತಲುಪಿದೆಯೇ ತಿಳಿಸಿ.’

ಈಗ ಇಂಗ್ಲಿಷು ತಾನಾಗಿ ಬರುತ್ತದೆ: ‘ಯು ಕಾಲ್ಡ್ ಮಿ ಯೆಸ್ಟರ್ಡೇ. ಐ ಸೆಂಟ್ ದ ಮನಿ ದಿಸ್ ಮಾರ್ನಿಂಗ್. ಪ್ಲೀಸ್ ಲೆಟ್ ಮಿ ನೋ ಇಫ್ ಯು ಹ್ಯಾವ್ ರಿಸೀವ್ಡ್ ಇಟ್.’ ವಾಕ್ಯ ಚಿಕ್ಕದಾಯಿತು, ಇದು ಮಕ್ಕಳ ಇಂಗ್ಲಿಷು ಎಂಬ ನಾಚಿಕೆ ಬೇಡ. ಇಂಗ್ಲಿಷಿನವರೂ ಹೀಗೇ ಬರೆಯುತ್ತಾರೆ.

ಹಂತ 3: ಕ್ರಿಯಾಪದ, ಎಲ್ಲ ಗಲಾಟೆಯ ಮೂಲ

ಬರೆದದ್ದನ್ನು ತಿದ್ದಲು ಕೂತಾಗ ಬೇರೆಲ್ಲ ಬಿಟ್ಟು ಮೊದಲು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಸಮಯ ಕಡಿಮೆ ಇದ್ದರೆ ಇದೊಂದನ್ನೇ ಮಾಡಿದರೂ ಸಾಕು.

ಮೊದಲನೆಯದು ‘ಹ್ಯಾವಿಂಗ್’. ‘ವಿ ಆರ್ ಹ್ಯಾವಿಂಗ್ ಟೂ ರೂಮ್ಸ್’, ‘ಐ ಆ್ಯಮ್ ಹ್ಯಾವಿಂಗ್ ಡ್ರೈವಿಂಗ್ ಲೈಸೆನ್ಸ್’. ಕನ್ನಡದಲ್ಲಿ ‘ನನ್ನ ಹತ್ತಿರ ಇದೆ’ ಅನ್ನುತ್ತೇವೆ, ಬರೀ ‘ಹ್ಯಾವ್’ ಅಂದರೆ ಏನೋ ಕಡಿಮೆ ಬಿದ್ದಂತೆ ಅನಿಸಿ ‘ಇಂಗ್’ ಅಂಟಿಸುತ್ತೇವೆ. ಇಂಗ್ಲಿಷಿನಲ್ಲಿ ಆ ಬಾಲ ಹೆಚ್ಚಾಗಿ ನಡೆಯುತ್ತಿರುವ ಕೆಲಸಕ್ಕೆ. ಇರುವುದು, ಗೊತ್ತಿರುವುದು, ಬೇಕಾಗಿರುವುದು, ಇಷ್ಟವಾಗುವುದು, ನಂಬುವುದು ಇವೆಲ್ಲ ಕೆಲಸಗಳಲ್ಲ, ಸ್ಥಿತಿಗಳು. ‘ವಿ ಹ್ಯಾವ್ ಟೂ ರೂಮ್ಸ್’, ‘ಐ ಹ್ಯಾವ್ ಅ ಡ್ರೈವಿಂಗ್ ಲೈಸೆನ್ಸ್’, ಅಷ್ಟೇ. ‘ವಿ ಆರ್ ಹ್ಯಾವಿಂಗ್ ಲಂಚ್’ ಸರಿ, ಏಕೆಂದರೆ ಅಲ್ಲಿ ಊಟ ಮಾಡುತ್ತಿದ್ದೇವೆ. ಇದೇ ಗುಂಪಿಗೆ ಸೇರಿದ್ದು ‘ಐ ಆ್ಯಮ್ ಕಮಿಂಗ್ ಫ್ರಮ್ ತೀರ್ಥಹಳ್ಳಿ’. ಹಾಗೆ ಬರೆದರೆ ನೀವು ಬಸ್ಸಿನಲ್ಲಿ ಕೂತು ಈಗ ಬರುತ್ತಾ ಇದ್ದೀರಿ ಎಂದರ್ಥ. ಊರು ಹೇಳಬೇಕಾದರೆ ‘ಐ ಆ್ಯಮ್ ಫ್ರಮ್ ತೀರ್ಥಹಳ್ಳಿ’.

ಎರಡನೆಯದು ‘ಸಿನ್ಸ್’. ‘ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎನ್ನುವುದು ‘ಐ ಆ್ಯಮ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್’ ಆಗುತ್ತದೆ. ಇಲ್ಲಿ ಎರಡು ತಪ್ಪು. ನಮ್ಮ ‘ಇಂದ’ ಶುರುವಾದ ಗಳಿಗೆಗೂ ಬರುತ್ತದೆ, ಕಳೆದ ಅವಧಿಗೂ ಬರುತ್ತದೆ: ‘ಸೋಮವಾರದಿಂದ’, ‘ಮೂರು ದಿನದಿಂದ’. ಇಂಗ್ಲಿಷು ಇದನ್ನು ಪಾಲು ಮಾಡಿಕೊಂಡಿದೆ. ಶುರುವಾದ ಗಳಿಗೆಗೆ ‘ಸಿನ್ಸ್’, ಎಣಿಸಬಹುದಾದ ಅವಧಿಗೆ ‘ಫಾರ್’. ಪರೀಕ್ಷೆ ಸುಲಭ: ‘ಇಂದ’ದ ಹಿಂದೆ ದಿನ, ವರ್ಷ, ಗಂಟೆಯ ಲೆಕ್ಕ ಇದ್ದರೆ ‘ಫಾರ್’, ಇಸವಿ, ವಾರದ ಹೆಸರು, ಹಬ್ಬದ ಹೆಸರು ಇದ್ದರೆ ‘ಸಿನ್ಸ್’. ‘ಸಿನ್ಸ್ 2019’, ‘ಸಿನ್ಸ್ ದೀಪಾವಳಿ’, ‘ಫಾರ್ ಫೈವ್ ಇಯರ್ಸ್’. ಎರಡನೇ ತಪ್ಪು ‘ಆ್ಯಮ್ ವರ್ಕಿಂಗ್’. ಹಿಂದೆ ಶುರುವಾಗಿ ಇವತ್ತಿಗೂ ನಡೆಯುತ್ತಿರುವುದಕ್ಕೆ ‘ಹ್ಯಾವ್’ ಬೇಕೇ ಬೇಕು: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್.’

ನಮ್ಮ ರಜೆ ಚೀಟಿಯ ಶಾಶ್ವತ ವಾಕ್ಯವನ್ನು ಇಲ್ಲೇ ನೋಡಿಬಿಡೋಣ: ‘ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ತ್ರೀ ಡೇಸ್, ಸೋ ಐ ಆ್ಯಮ್ ಅನೇಬಲ್ ಟು ಅಟೆಂಡ್ ಟು ದ ಆಫೀಸ್.’ ‘ಸಿನ್ಸ್’ ವಿಷಯ ಆಯಿತು. ‘ಆ್ಯಸ್’ ಅಂತ ಶುರು ಮಾಡಿದ ಮೇಲೆ ನಡುವೆ ‘ಸೋ’ ಬೇಡ, ಒಂದು ಕಾರಣಕ್ಕೆ ಒಂದೇ ಕೊಂಡಿ. (‘ದೋ’ ಅಂದ ಮೇಲೆ ‘ಬಟ್’ ಬೇಡದಿರುವುದೂ ಇದೇ ಲೆಕ್ಕ.) ‘ಅಟೆಂಡ್ ಟು’ ಅಂದರೆ ಆರೈಕೆ ಮಾಡು, ಗಮನ ಕೊಡು, ಕಚೇರಿಗೆ ಆರೈಕೆ ಬೇಕಿಲ್ಲ. ಇನ್ನು ‘ಸಫರಿಂಗ್’ ವ್ಯಾಕರಣಕ್ಕೆ ಸರಿ, ಆದರೆ ಮೂರು ದಿನದ ಜ್ವರಕ್ಕೆ ಭಾರ ಜಾಸ್ತಿ. ತಿದ್ದಿದ್ದು: ‘ಐ ಹ್ಯಾವ್ ಹ್ಯಾಡ್ ಅ ಫೀವರ್ ಫಾರ್ ತ್ರೀ ಡೇಸ್ ಆ್ಯಂಡ್ ಕೆನಾಟ್ ಕಮ್ ಟು ದ ಆಫೀಸ್ ಟುಡೇ.’

ಮೂರನೆಯದು ‘ಹ್ಯಾಡ್’. ಇದರ ಮೂಲ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ‘ನಿನ್ನೆ ಶಿವಮೊಗ್ಗಕ್ಕೆ ಹೋಗಿದ್ದೆ’ ಎನ್ನುವುದು ನಮಗೆ ಸಾಮಾನ್ಯ ಮಾತು. ಹೋಗಿ ಬಂದಾಗಿದೆ ಎಂಬ ಸೂಚನೆ ಆ ‘ಇದ್ದೆ’ಯಲ್ಲಿದೆ. ಅದನ್ನೇ ‘ಐ ಹ್ಯಾಡ್ ಗಾನ್ ಟು ಶಿವಮೊಗ್ಗ ಯೆಸ್ಟರ್ಡೇ’ ಎಂದು ಸಾಗಿಸುತ್ತೇವೆ. ಇಂಗ್ಲಿಷಿನಲ್ಲಿ ‘ಹ್ಯಾಡ್ ಗಾನ್’ ಅಂದರೆ ಓದುವವನು ಮುಂದಿನದಕ್ಕೆ ಕಾಯುತ್ತಾನೆ: ನೀವು ಹೋದ ಮೇಲೆ ಏನಾಯಿತು? ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಇದು ಮೊದಲು ನಡೆದದ್ದು ಎಂದು ತೋರಿಸಲು ಇರುವ ರೂಪ ಅದು. ‘ವೆನ್ ಯು ಕಾಲ್ಡ್, ಐ ಹ್ಯಾಡ್ ಗಾನ್ ಟು ಶಿವಮೊಗ್ಗ’ ಸರಿ. ಸುಮ್ಮನೆ ನಿನ್ನೆಯ ಸುದ್ದಿಗೆ ‘ಐ ವೆಂಟ್ ಟು ಶಿವಮೊಗ್ಗ ಯೆಸ್ಟರ್ಡೇ’. ‘ಐ ಹ್ಯಾಡ್ ಸೆಂಟ್ ಯು ಅ ಮೇಲ್ ಲಾಸ್ಟ್ ವೀಕ್’ ಎಂಬ ಜ್ಞಾಪನಾ ಪತ್ರಗಳಿಗೂ ಇದೇ ಮದ್ದು: ‘ಹ್ಯಾಡ್’ ಹೊಡೆದುಹಾಕಿ, ಓದಿ ನೋಡಿ, ವಾಕ್ಯ ನಿಂತರೆ ಹಾಗೇ ಬಿಡಿ.

ನಾಲ್ಕನೆಯದು ನಮ್ಮ ಹೋಂಸ್ಟೇಯವರ ಪ್ರೀತಿಯ ‘ವಿಲ್ ಬಿ ದೇರ್’. ‘ಬೆಳಿಗ್ಗೆ ಬಿಸಿನೀರು ಇರುತ್ತದೆ’, ‘ಮಳೆಗಾಲದಲ್ಲಿ ಇಂಬಳ (ಜಿಗಣೆ) ಇರುತ್ತವೆ’, ‘ಸಂಜೆ ಕರೆಂಟು ಹೋಗುತ್ತದೆ’. ನಮ್ಮ ಈ ರೂಪ ನಾಳೆಯದನ್ನೂ ಹೇಳುತ್ತದೆ, ದಿನನಿತ್ಯದ ರೂಢಿಯನ್ನೂ ಹೇಳುತ್ತದೆ. ‘ಹಾಟ್ ವಾಟರ್ ವಿಲ್ ಬಿ ದೇರ್’, ‘ಲೀಚಸ್ ವಿಲ್ ಬಿ ದೇರ್’, ‘ಕರೆಂಟ್ ವಿಲ್ ಗೋ’ ಎಂದು ಬರೆದರೆ ಗೆಸ್ಟು ಬರುವ ಹೊತ್ತಿಗೆ ಇಂಬಳಗಳನ್ನು ತರಿಸಿ ಇಟ್ಟಿರುತ್ತೀರಿ ಎಂಬ ಭರವಸೆಯಂತೆ ಕೇಳುತ್ತದೆ. ರೂಢಿಗೆ ಇಂಗ್ಲಿಷಿನಲ್ಲಿ ವರ್ತಮಾನವೇ ಸರಿ: ‘ಹಾಟ್ ವಾಟರ್ ಈಸ್ ಅವೇಲಬಲ್ ಇನ್ ದ ಮಾರ್ನಿಂಗ್’, ‘ದೇರ್ ಆರ್ ಲೀಚಸ್ ಆನ್ ದ ಟ್ರೇಲ್ಸ್ ಡ್ಯೂರಿಂಗ್ ದ ಮಾನ್ಸೂನ್’, ‘ಪವರ್ ಕಟ್ಸ್ ಆರ್ ಕಾಮನ್ ಇನ್ ದ ಈವನಿಂಗ್’. ‘ನೆಟ್‌ವರ್ಕ್ ವಿಲ್ ನಾಟ್ ಕಮ್’ ಅನ್ನುವುದಕ್ಕೆ ‘ದೇರ್ ಈಸ್ ನೋ ಮೊಬೈಲ್ ಸಿಗ್ನಲ್ ಅಟ್ ದ ಹೌಸ್’.

ಇನ್ನೆರಡು ಚಿಕ್ಕವು. ‘ಡಿಡ್’ ಬಂದರೆ ಅದರ ಮುಂದಿನ ಕ್ರಿಯಾಪದ ಬೋಳಾಗಿರಬೇಕು: ‘ಡಿಡ್ ನಾಟ್ ಗೋ’, ‘ಡಿಡ್ ನಾಟ್ ರಿಸೀವ್’. ‘ಇಫ್’ ಇರುವ ತುಂಡಿನಲ್ಲಿ ಸಾಮಾನ್ಯವಾಗಿ ‘ವಿಲ್’ ಕೂರಿಸಬೇಡಿ: ‘ಇಫ್ ಇಟ್ ರೇನ್ಸ್, ವಿ ವಿಲ್ ಕ್ಯಾನ್ಸಲ್ ದ ಟ್ರೆಕ್.’ ಕನ್ನಡದ ‘ಬಂದರೆ’ಯಲ್ಲೂ ಭವಿಷ್ಯತ್ತು ಇಲ್ಲವಲ್ಲ, ಅದನ್ನು ನೆನೆದರೆ ಸಾಕು.

ಹಂತ 4: ಬಾಲಗಳ ತಪಾಸಣೆ

ಈಗ ವಿಭಕ್ತಿಗಳು. ‘ಗೆ’ ಬಂದಲ್ಲೆಲ್ಲ ‘ಟು’ ಹಾಕುವುದು ನಮ್ಮ ಅಭ್ಯಾಸ. ‘ಸಾಗರಕ್ಕೆ ತಲುಪಿದೆ’ ಎನ್ನುವುದು ‘ರೀಚ್ಡ್ ಟು ಸಾಗರ’, ‘ಅವರಿಗೆ ಫೋನ್ ಮಾಡಿದೆ’ ಎನ್ನುವುದು ‘ಕಾಲ್ಡ್ ಟು ಹಿಮ್’, ‘ನನಗೆ ಹೇಳಿದರು’ ಎನ್ನುವುದು ‘ಟೋಲ್ಡ್ ಟು ಮಿ’, ‘ಮನೆಗೆ ಹೋದೆ’ ಎನ್ನುವುದು ‘ವೆಂಟ್ ಟು ಹೋಮ್’. ನಾಲ್ಕರಲ್ಲೂ ‘ಟು’ ಬೇಡ. ತಮಾಷೆಯೆಂದರೆ ‘ಎಕ್ಸ್‌ಪ್ಲೇನ್’ಗೆ ಬೇಕಾದ ‘ಟು’ವನ್ನು ಮಾತ್ರ ಮರೆತು ‘ಎಕ್ಸ್‌ಪ್ಲೇನ್ ಮಿ’ ಎನ್ನುತ್ತೇವೆ. ‘ಎಕ್ಸ್‌ಪ್ಲೇನ್ ಇಟ್ ಟು ಮಿ’, ‘ರಿಪ್ಲೈ ಟು ಮಿ’. ಇದಕ್ಕೆ ಸೂತ್ರ ಹುಡುಕುತ್ತಾ ಕೂರಬೇಡಿ, ನೀವು ದಿನಾ ಬಳಸುವ ಹತ್ತು ಹನ್ನೆರಡು ಕ್ರಿಯಾಪದಗಳ ಪಟ್ಟಿ ಮಾಡಿ ಬಾಯಿಪಾಠ ಹಾಕಿ.

‘ಬಗ್ಗೆ’ ಎಂಬುದು ‘ಅಬೌಟ್’ ಆಗಿ ನುಸುಳುತ್ತದೆ. ‘ಡಿಸ್ಕಸ್ ಅಬೌಟ್’, ‘ಮೆನ್ಷನ್ ಅಬೌಟ್’, ‘ಡಿಸ್ಕ್ರೈಬ್ ಅಬೌಟ್’ ಮೂರರಲ್ಲೂ ‘ಅಬೌಟ್’ ತೆಗೆಯಿರಿ. ‘ಆರ್ಡರ್ಡ್ ಫಾರ್ ಮೀಲ್ಸ್’, ‘ರಿಕ್ವೆಸ್ಟೆಡ್ ಫಾರ್ ಅ ರೂಮ್’ ಇವುಗಳ ‘ಫಾರ್’ ಕೂಡ ಹೊರಗೆ. ‘ಅವರ ಮೇಲೆ ಕೋಪ’ ಎಂದು ‘ಆ್ಯಂಗ್ರಿ ಆನ್ ಹಿಮ್’ ಬೇಡ, ‘ಆ್ಯಂಗ್ರಿ ವಿತ್ ಹಿಮ್’. ‘ಜೊತೆ ಮದುವೆ’ ಎಂದು ‘ಮ್ಯಾರೀಡ್ ವಿತ್’ ಬೇಡ, ‘ಮ್ಯಾರೀಡ್ ಟು’.

‘ಅಲ್ಲಿ’ ಒಂದು ಮೂರಾಗಿ ಒಡೆಯುತ್ತದೆ. ಊರು, ಜಿಲ್ಲೆ, ಕಾರು ಎಂದರೆ ‘ಇನ್’: ‘ಇನ್ ಹೊಸನಗರ’, ‘ಇನ್ ದ ಕಾರ್’. ರಸ್ತೆ, ಬಸ್ಸು, ವಾರ ಎಂದರೆ ‘ಆನ್’: ‘ಆನ್ ಬಿ.ಎಚ್. ರೋಡ್’, ‘ಆನ್ ದ ಬಸ್’, ‘ಆನ್ ಮಂಡೇ’. ಸೇರುವ ಜಾಗ, ಗಡಿಯಾರದ ಹೊತ್ತು ಎಂದರೆ ‘ಅಟ್’: ‘ಅಟ್ ದ ಬಸ್ ಸ್ಟ್ಯಾಂಡ್’, ‘ಅಟ್ ಫೈವ್’. ‘ಇವತ್ತು ಬೆಳಿಗ್ಗೆ’, ‘ನಿನ್ನೆ ರಾತ್ರಿ’ ಇವಕ್ಕೆ ಏನೂ ಬೇಡ, ಆದರೆ ‘ಟುಡೇ ಮಾರ್ನಿಂಗ್’, ‘ಯೆಸ್ಟರ್ಡೇ ನೈಟ್’ ಅನ್ನದೆ ‘ದಿಸ್ ಮಾರ್ನಿಂಗ್’, ‘ಲಾಸ್ಟ್ ನೈಟ್’ ಎನ್ನಬೇಕು.

ಇವೆಲ್ಲಕ್ಕಿಂತ ಮೋಸದ್ದು ನಮ್ಮ ಒಂದಕ್ಷರದ ‘ಏ’. ಇವತ್ತೇ, ಇಲ್ಲೇ, ಅವರೇ. ಒತ್ತು ಕೊಡಲು ಇದಕ್ಕಿಂತ ಚೊಕ್ಕ ಸಾಧನ ಇನ್ನೊಂದಿಲ್ಲ. ಇಂಗ್ಲಿಷಿನಲ್ಲಿ ಆ ಒತ್ತನ್ನು ದನಿಯಲ್ಲಿ ಕೊಡುತ್ತಾರೆ, ಬರಹದಲ್ಲಿ ಹೆಚ್ಚಾಗಿ ಬಿಟ್ಟೇ ಬಿಡುತ್ತಾರೆ. ನಾವು ಬಿಡಲಾರದೆ ‘ಓನ್ಲಿ’, ‘ಇಟ್‌ಸೆಲ್ಫ್’ ಜೋಡಿಸುತ್ತೇವೆ: ‘ಐ ವಿಲ್ ಸೆಂಡ್ ಇಟ್ ಟುಡೇ ಓನ್ಲಿ’. ಓದುವವನಿಗೆ ಇದು ‘ಇವತ್ತು ಮಾತ್ರ, ನಾಳೆ ಕಳಿಸುವುದಿಲ್ಲ’ ಎಂದು ಕೇಳುತ್ತದೆ. ‘ಐ ವಿಲ್ ಸೆಂಡ್ ಇಟ್ ಟುಡೇ’ ಸಾಕು. ‘ನಾನೂ’ ಎಂಬುದನ್ನು ‘ಈವನ್ ಐ’ ಮಾಡುವುದೂ ಹೀಗೇ. ‘ಈವನ್ ಐ ಲೈಕ್ಡ್ ಇಟ್’ ಅಂದರೆ ‘ನನ್ನಂಥವನಿಗೂ ಹಿಡಿಸಿತು’ ಎಂದಾಗುತ್ತದೆ. ‘ಐ ಲೈಕ್ಡ್ ಇಟ್ ಟೂ’ ಅನ್ನಿ. ಜೋಡಿ ಪದಗಳೂ ಹೋಗಬೇಕು. ‘ಸಣ್ಣ ಸಣ್ಣ ಜಲಪಾತ’ ಅಂದರೆ ‘ಸ್ಮಾಲ್ ಸ್ಮಾಲ್ ವಾಟರ್‌ಫಾಲ್ಸ್’ ಅಲ್ಲ, ‘ಸೆವೆರಲ್ ಸ್ಮಾಲ್ ವಾಟರ್‌ಫಾಲ್ಸ್’.

ಹಂತ 5: ‘ಅ’, ‘ಆ್ಯನ್’, ‘ದ’

ಕನ್ನಡದಲ್ಲಿ ಇವಿಲ್ಲ, ಅದಕ್ಕೇ ಇಷ್ಟು ಕಷ್ಟ ಎನ್ನುವವರಿಗೆ ಒಂದು ಮಾತು: ಪದ ಇಲ್ಲ, ಭಾವ ಇದೆ. ‘ಪುಸ್ತಕ ಓದಿದೆ’ ಅಂದರೆ ಯಾವುದೋ ಪುಸ್ತಕ. ‘ಪುಸ್ತಕವನ್ನು ಓದಿದೆ’ ಅಂದರೆ ನಮ್ಮಿಬ್ಬರಿಗೂ ಗೊತ್ತಿರುವ ಆ ಪುಸ್ತಕ. ಹಾಗಾಗಿ ನಾಮಪದದ ಮುಂದೆ ಮನಸ್ಸಿನಲ್ಲೇ ‘ಒಂದು’ ಅಥವಾ ‘ಒಬ್ಬ’ ಇಟ್ಟು ನೋಡಿ, ಹೊಂದಿದರೆ ‘ಅ’. ‘ಆ ನಮಗೆ ಗೊತ್ತಿರುವ’ ಎಂಬುದು ಹೊಂದಿದರೆ ‘ದ’. ಎರಡೂ ಹೊಂದದಿದ್ದರೆ ಏನೂ ಬೇಡ.

‘ಅ’ ಹಾಕಬೇಕೋ ‘ಆ್ಯನ್’ ಹಾಕಬೇಕೋ ಎನ್ನುವುದರಲ್ಲಿ ಇಂಗ್ಲಿಷಿನವರಿಗಿಲ್ಲದ ಅನುಕೂಲ ನಮಗಿದೆ. ಅಲ್ಲಿ ಲೆಕ್ಕ ಅಕ್ಷರದ್ದಲ್ಲ, ಉಚ್ಚಾರದ್ದು. ನಮ್ಮ ಲಿಪಿಯೋ ಉಚ್ಚಾರವನ್ನೇ ಬರೆಯುತ್ತದೆ. ಮುಂದಿನ ಪದವನ್ನು ಕನ್ನಡದಲ್ಲಿ ಬರೆಯಿರಿ. ಮೊದಲಕ್ಷರ ಸ್ವರವಾದರೆ ‘ಆ್ಯನ್’, ವ್ಯಂಜನವಾದರೆ ‘ಅ’. ‘ಅವರ್’ ಎಂದರೆ ಗಂಟೆ, ಸ್ವರ, ‘ಆ್ಯನ್ ಅವರ್’. ‘ಯೂನಿವರ್ಸಿಟಿ’, ಯಕಾರ, ‘ಅ ಯೂನಿವರ್ಸಿಟಿ’. ‘ಎಂಬಿಎ’, ಸ್ವರ, ‘ಆ್ಯನ್ ಎಂಬಿಎ’. ‘ಎಲ್‌ಐಸಿ ಏಜೆಂಟ್’, ‘ಆ್ಯನ್ ಎಲ್‌ಐಸಿ ಏಜೆಂಟ್’. ಎಚ್ಚರವಿರಬೇಕಾದ್ದು ನಮ್ಮ ನಾಲಿಗೆ ಸೇರಿಸುವ ಯಕಾರ ವಕಾರದ ಬಗ್ಗೆ. ‘ಯೆಗ್ಗು’, ‘ವೋಲ್ಡು’ ಅಂತ ಆಡಿದರೂ ಅವು ‘ಎಗ್’, ‘ಓಲ್ಡ್’: ‘ಆ್ಯನ್ ಎಗ್’, ‘ಆ್ಯನ್ ಓಲ್ಡ್ ಹೌಸ್’. ‘ಒನ್’ ಮಾತ್ರ ಉಲ್ಟಾ. ಬರೆಯುವುದು ಒಕಾರದಲ್ಲಿ, ಇಂಗ್ಲಿಷಿನವರು ಆಡುವುದು ‘ವನ್’, ಹಾಗಾಗಿ ‘ಅ ಒನ್-ವೇ ಟಿಕೆಟ್’.

ಊರುಕೇರಿ ಹೆಸರುಗಳಿಗೆ: ನದಿಗೆ ‘ದ’ ಬೇಕು, ಪರ್ವತ ಶ್ರೇಣಿಗೂ ಬೇಕು. ‘ದ ಶರಾವತಿ’, ‘ದ ತುಂಗಾ’, ‘ದ ವೆಸ್ಟರ್ನ್ ಘಾಟ್ಸ್’. ಒಂಟಿ ಬೆಟ್ಟಕ್ಕೆ, ಊರಿಗೆ, ಜಲಪಾತದ ಹೆಸರಿಗೆ ಬೇಡ: ‘ಕೊಡಚಾದ್ರಿ’, ‘ಆಗುಂಬೆ’, ‘ಜೋಗ್ ಫಾಲ್ಸ್’. ‘ಕುವೆಂಪು ಯೂನಿವರ್ಸಿಟಿ’ಗೆ ಬೇಡ, ‘ದ ಯೂನಿವರ್ಸಿಟಿ ಆಫ್ ಮೈಸೂರ್’ಗೆ ಬೇಕು. ‘ಆಫ್’ ಬಂದರೆ ‘ದ’ ಬರುತ್ತದೆ ಎಂದು ನೆನಪಿಟ್ಟರೆ ಬಹುತೇಕ ಕಡೆ ಸರಿಹೋಗುತ್ತದೆ. ‘ಜೋಗ್’ ಬರೆಯುವಾಗ ದೊಡ್ಡಕ್ಷರ ಮರೆಯಬೇಡಿ, ಚಿಕ್ಕಕ್ಷರದಲ್ಲಿ ಅದು ನಿಧಾನದ ಓಟ.

ಬಹುವಚನ ಬೇಗ ಮುಗಿಯುತ್ತದೆ. ನಾವು ‘ಎರಡು ಕಿಲೋಮೀಟರ್’, ‘ಐದು ರೂಪಾಯಿ’ ಎಂದು ಏಕವಚನದಲ್ಲೇ ಮುಗಿಸುತ್ತೇವೆ, ಇಂಗ್ಲಿಷು ‘ಟೂ ಕಿಲೋಮೀಟರ್ಸ್’ ಕೇಳುತ್ತದೆ. ‘ಒನ್ ಆಫ್ ದ’ ಎಂದರೆ ಹಲವರಲ್ಲಿ ಒಬ್ಬ, ಹಾಗಾಗಿ ‘ಒನ್ ಆಫ್ ಮೈ ಫ್ರೆಂಡ್ಸ್’. ಎಣಿಸಲಾಗದ ಕೆಲವು ಪದಗಳಿಗೆ ‘ಸ್’ ಹಚ್ಚಬಾರದು: ಇನ್ಫರ್ಮೇಷನ್, ಲಗೇಜ್, ಫರ್ನಿಚರ್, ಅಡ್ವೈಸ್, ಎಕ್ವಿಪ್‌ಮೆಂಟ್, ಫೀಡ್‌ಬ್ಯಾಕ್.

ಹಂತ 6: ಮಾಡಿದ್ದು ಯಾರು?

‘ಆಗುಂಬೆ ತಲುಪಿದ ಮೇಲೆ ಮಳೆ ಶುರುವಾಯಿತು.’ ಕನ್ನಡದಲ್ಲಿ ಇದು ಲಕ್ಷಣವಾದ ವಾಕ್ಯ. ತಲುಪಿದ್ದು ನಾವು, ಶುರುವಾದದ್ದು ಮಳೆ, ಯಾರಿಗೂ ಗೊಂದಲವಿಲ್ಲ. ‘ಆಫ್ಟರ್ ರೀಚಿಂಗ್ ಆಗುಂಬೆ, ದ ರೇನ್ ಸ್ಟಾರ್ಟೆಡ್’ ಎಂದರೆ ಇಂಗ್ಲಿಷಿನ ನಿಯಮದ ಪ್ರಕಾರ ಆಗುಂಬೆ ತಲುಪಿದ್ದು ಮಳೆ. (ಆಗುಂಬೆಯ ಮಟ್ಟಿಗೆ ಅದೂ ಸುಳ್ಳಲ್ಲ.) ಮೊದಲ ತುಂಡಿನಲ್ಲಿ ಕರ್ತೃ ಇಲ್ಲದಿದ್ದರೆ ಎರಡನೇ ತುಂಡಿನ ಕರ್ತೃವೇ ಅದಕ್ಕೂ ಮಾಲೀಕ. ಹಾಗಾಗಿ ‘ಆಫ್ಟರ್ ವಿ ರೀಚ್ಡ್ ಆಗುಂಬೆ, ಇಟ್ ಸ್ಟಾರ್ಟೆಡ್ ರೇನಿಂಗ್.’ ‘ಇಂಗ್’ನಿಂದ ಶುರುವಾಗುವ, ‘ಆಫ್ಟರ್’, ‘ವೈಲ್’ನಿಂದ ಶುರುವಾಗುವ ಪ್ರತಿ ವಾಕ್ಯದಲ್ಲೂ ‘ಯಾರು?’ ಎಂದು ಕೇಳಿಕೊಳ್ಳಿ.

ಇದರ ಪಕ್ಕದ್ದೇ ಇನ್ನೊಂದು: ‘ಬಾಡಿಗೆ ಎಷ್ಟು ಅಂತ ತಿಳಿಸಿ’ ಎನ್ನುವುದನ್ನು ‘ಪ್ಲೀಸ್ ಟೆಲ್ ಮಿ ವಾಟ್ ಈಸ್ ದ ರೆಂಟ್’ ಎನ್ನಬೇಡಿ. ಪ್ರಶ್ನೆ ದೊಡ್ಡ ವಾಕ್ಯದೊಳಗೆ ಕೂತ ಮೇಲೆ ಪ್ರಶ್ನೆಯ ಕ್ರಮ ಹೋಗುತ್ತದೆ: ‘ಪ್ಲೀಸ್ ಟೆಲ್ ಮಿ ವಾಟ್ ದ ರೆಂಟ್ ಈಸ್.’

ಇಷ್ಟಾದ ಮೇಲೆ ಒಂದು ಇಡೀ ಉತ್ತರವನ್ನು ಕೈಗೆತ್ತಿಕೊಳ್ಳೋಣ. ಹೋಂಸ್ಟೇಯವರು ಸಾಮಾನ್ಯವಾಗಿ ಬರೆದುಕೊಂಡು ಬರುವುದು ಈ ಧಾಟಿಯಲ್ಲಿ:

‘ರೆಸ್ಪೆಕ್ಟೆಡ್ ಸರ್, ವಿ ಆರ್ ಹ್ಯಾವಿಂಗ್ ಟೂ ರೂಮ್ಸ್ ವಿತ್ ಅಟ್ಯಾಚ್ಡ್ ಬಾತ್‌ರೂಮ್. ಹಾಟ್ ವಾಟರ್ ವಿಲ್ ಬಿ ದೇರ್ ಮಾರ್ನಿಂಗ್ ಓನ್ಲಿ. ಒನ್ ಸ್ಮಾಲ್ ರಿವರ್ ಈಸ್ ಇನ್ ಅವರ್ ಬ್ಯಾಕ್‌ಸೈಡ್. ಜೋಗ್ ಫಾಲ್ಸ್ ಈಸ್ ಹ್ಯಾವಿಂಗ್ 30 ಕಿಲೋಮೀಟರ್ ಫ್ರಮ್ ಸಾಗರ. ಆಫ್ಟರ್ ರೀಚಿಂಗ್ ಸಾಗರ, ಅವರ್ ಜೀಪ್ ವಿಲ್ ಪಿಕ್ ಅಪ್ ಯು. ಕೈಂಡ್ಲಿ ರಿವರ್ಟ್ ಬ್ಯಾಕ್ ಆ್ಯಂಡ್ ಡು ದ ನೀಡ್‌ಫುಲ್.’

‘ಬ್ಯಾಕ್‌ಸೈಡ್’ ಎಂದರೆ ಇಂಗ್ಲಿಷಿನಲ್ಲಿ ಮನುಷ್ಯನ ಕುಂಡೆ. ಅಲ್ಲಿ ಹೊಳೆ ಹರಿಯುತ್ತದೆ ಎಂದು ಬರೆದರೆ ಗೆಸ್ಟು ನಗುತ್ತಾರೆ, ನಮಗೆ ಯಾಕೆಂದು ಗೊತ್ತಾಗುವುದಿಲ್ಲ. ಮನೆ ಹಿಂದೆ ಎಂಬುದು ‘ಬಿಹೈಂಡ್ ದ ಹೌಸ್’. ಹಳ್ಳಕ್ಕೆ ‘ರಿವರ್’ ಅಂದರೆ ಗೆಸ್ಟು ದೋಣಿ ಕೇಳಿಯಾರು, ‘ಸ್ಟ್ರೀಮ್’ ಸಾಕು. ಸಾಗರ ತಲುಪುವುದು ಜೀಪಲ್ಲ, ಗೆಸ್ಟು. ‘ಮಾರ್ನಿಂಗ್ ಓನ್ಲಿ’ ಎನ್ನುವ ಬದಲು ಗಂಟೆಯನ್ನೇ ಹೇಳುವುದು ಒಳ್ಳೆಯದು. ತಿದ್ದಿದ ಮೇಲೆ:

‘ಥ್ಯಾಂಕ್ ಯು ಫಾರ್ ಯುವರ್ ಮೆಸೇಜ್. ವಿ ಹ್ಯಾವ್ ಟೂ ರೂಮ್ಸ್, ಈಚ್ ವಿತ್ ಇಟ್ಸ್ ಓನ್ ಬಾತ್‌ರೂಮ್. ಹಾಟ್ ವಾಟರ್ ಈಸ್ ಅವೇಲಬಲ್ ಫ್ರಮ್ 6 ಟು 9 ಇನ್ ದ ಮಾರ್ನಿಂಗ್. ದೇರ್ ಈಸ್ ಅ ಸ್ಮಾಲ್ ಸ್ಟ್ರೀಮ್ ಬಿಹೈಂಡ್ ದ ಹೌಸ್. ಜೋಗ್ ಫಾಲ್ಸ್ ಈಸ್ ಅಬೌಟ್ 30 ಕಿಲೋಮೀಟರ್ಸ್ ಫ್ರಮ್ ಸಾಗರ. ವೆನ್ ಯು ರೀಚ್ ಸಾಗರ, ವಿ ವಿಲ್ ಪಿಕ್ ಯು ಅಪ್ ಇನ್ ಅವರ್ ಜೀಪ್. ಪ್ಲೀಸ್ ಲೆಟ್ ಅಸ್ ನೋ ಯುವರ್ ಡೇಟ್ಸ್.’

ಊಟದ ಹೆಸರುಗಳನ್ನು ಮಾತ್ರ ಇಂಗ್ಲಿಷ್ ಮಾಡಲು ಹೋಗಬೇಡಿ. ‘ಕಡುಬು’ ಎಂದೇ ಬರೆದು, ಪಕ್ಕದಲ್ಲಿ ‘ಸ್ಟೀಮ್ಡ್ ರೈಸ್ ಡಂಪ್ಲಿಂಗ್ಸ್’ ಎಂದು ಅಲ್ಪವಿರಾಮ ಹಾಕಿ ಸೇರಿಸಿದರೆ ಆಯಿತು.

ಹಂತ 7: ಕಚೇರಿ ಇಂಗ್ಲಿಷನ್ನು ಕಳೆ ಕೀಳುವುದು

‘ಡು ದ ನೀಡ್‌ಫುಲ್’ ವ್ಯಾಕರಣದ ತಪ್ಪಲ್ಲ. ಒಂದು ಕಾಲಕ್ಕೆ ಬ್ರಿಟಿಷರೇ ಬರೆಯುತ್ತಿದ್ದದ್ದು. ಅವರು ಬಿಟ್ಟರು, ನಮ್ಮ ಕಚೇರಿ ಕಡತಗಳು ಹಿಡಿದುಕೊಂಡವು. ನನ್ನ ತಕರಾರು ಅದು ಹಳತು ಎಂದಲ್ಲ, ಏನು ಮಾಡಬೇಕು ಎಂಬುದನ್ನೇ ಅದು ಹೇಳುವುದಿಲ್ಲ. ‘ಪ್ಲೀಸ್ ಸೈನ್ ದ ಫಾರ್ಮ್ ಆ್ಯಂಡ್ ಸೆಂಡ್ ಇಟ್ ಬ್ಯಾಕ್ ಬೈ ಫ್ರೈಡೇ’ ಎಂದರೆ ಕೆಲಸವಾಗುತ್ತದೆ. ‘ರಿವರ್ಟ್’ ಅಂದರೆ ಮೂಲದಲ್ಲಿ ಹಿಂದಿನ ಸ್ಥಿತಿಗೆ ಮರಳುವುದು, ‘ರಿಪ್ಲೈ’ ಎನ್ನಿ. ‘ರಿಟರ್ನ್ ಬ್ಯಾಕ್’, ‘ರಿಪೀಟ್ ಅಗೇನ್’ ಇವುಗಳಲ್ಲಿ ಎರಡನೇ ಪದ ದಂಡ. ‘ದ ಸೇಮ್’ ಎಂದು ಬರೆದಲ್ಲೆಲ್ಲ ‘ಇಟ್’ ಹಾಕಿ ನೋಡಿ, ಹೆಚ್ಚಿನ ಕಡೆ ಸರಿಯಾಗಿ ಕೂರುತ್ತದೆ.

‘ಯುವರ್ ಗುಡ್ ಸೆಲ್ಫ್’, ‘ಐ ಹಂಬ್ಲಿ ರಿಕ್ವೆಸ್ಟ್’ ಇಂಥವು ಏಕೆ ಹುಟ್ಟುತ್ತವೆ ಎಂದರೆ, ನಮಗೆ ‘ನೀವು’, ‘ಅವರು’, ‘ಬನ್ನಿ’ ಎಂಬ ಗೌರವದ ರೂಪಗಳಿವೆ, ಇಂಗ್ಲಿಷಿನ ‘ಯು’ ನಮ್ಮ ಕಿವಿಗೆ ಏಕವಚನದಂತೆ ಚುಚ್ಚುತ್ತದೆ. ಆ ಕೊರತೆ ತುಂಬಲು ಒಂದು ಪತ್ರದಲ್ಲಿ ಮೂರು ‘ಕೈಂಡ್ಲಿ’ ಸುರಿಯುತ್ತೇವೆ. ಇಂಗ್ಲಿಷಿನಲ್ಲಿ ಗೌರವ ಕೂರುವುದು ಕೇಳುವ ರೀತಿಯಲ್ಲಿ: ‘ಸೆಂಡ್ ಮಿ ದ ಡೀಟೇಲ್ಸ್’ ಒರಟು, ‘ಕುಡ್ ಯು ಪ್ಲೀಸ್ ಸೆಂಡ್ ಮಿ ದ ಡೀಟೇಲ್ಸ್?’ ವಿನಯ. ಪತ್ರಕ್ಕೆ ಒಂದು ‘ಪ್ಲೀಸ್’, ಹೆಚ್ಚೆಂದರೆ ಎರಡು.

ಕೆಲಸದ ಅರ್ಜಿ ಬರೆಯುವವರಿಗೆ ಎರಡು ಮಾತು ಬೇರೆಯಾಗಿ. ‘ಮೈಸೆಲ್ಫ್’ ಎಂದು ಹೆಸರು ಶುರು ಮಾಡಬೇಡಿ, ‘ಮೈ ನೇಮ್ ಈಸ್’ ಅನ್ನಿ. ‘ಪಾಸ್ಡ್ ಔಟ್ ಫ್ರಮ್ ಕುವೆಂಪು ಯೂನಿವರ್ಸಿಟಿ’ ಎಂದರೆ ನಮ್ಮ ದೇಶದ ಹೊರಗಿನವರು, ನೀವು ಆ ವಿಶ್ವವಿದ್ಯಾಲಯ ಇರುವ ಶಂಕರಘಟ್ಟದಲ್ಲಿ ಎಚ್ಚರ ತಪ್ಪಿ ಬಿದ್ದಿರಿ ಎಂದು ಓದಿಕೊಳ್ಳುತ್ತಾರೆ. ‘ಗ್ರ್ಯಾಜುಯೇಟೆಡ್ ಫ್ರಮ್’ ಬರೆಯಿರಿ. ‘ಐ ಹ್ಯಾವ್ ಅ ಡೌಟ್’ ಎಂದರೆ ನಿಮಗೆ ಅವರ ಮಾತಿನಲ್ಲಿ ಅನುಮಾನ ಎಂದಾಗುತ್ತದೆ, ಕೇಳುವುದಿದ್ದರೆ ‘ಐ ಹ್ಯಾವ್ ಅ ಕ್ವೆಶ್ಚನ್’.

ಹಂತ 8: ಕಳಿಸುವ ಮುಂಚೆ

ಮೊಬೈಲಿನ ತಿದ್ದುವ ಆ್ಯಪ್‌ಗಳು ‘ಡಿಡ್ ನಾಟ್ ವೆಂಟ್’ ಥರದ್ದನ್ನು ಹಿಡಿಯುತ್ತವೆ, ಬಳಸಿ. ‘ಟುಡೇ ಓನ್ಲಿ’ ಮುಂತಾದವನ್ನು ಹಿಡಿಯುತ್ತವೆಂದು ನೆಚ್ಚಬೇಡಿ, ಅವು ವ್ಯಾಕರಣಕ್ಕೆ ಸರಿಯಾಗಿಯೇ ಇವೆ, ಅರ್ಥ ಮಾತ್ರ ಬೇರೆ. ಎಐಗೆ ಕೊಟ್ಟು ಬರೆಸಿಕೊಂಡವರ ಪತ್ರಗಳೂ ಈಗ ಬರುತ್ತಿವೆ. ತಪ್ಪಿರುವುದಿಲ್ಲ, ಆದರೆ ಎಲ್ಲರ ಹೋಂಸ್ಟೇಯೂ ‘ನೆಸಲ್ಡ್ ಇನ್ ದ ಲ್ಯಾಪ್ ಆಫ್ ನೇಚರ್’ ಆಗಿಬಿಟ್ಟಿರುತ್ತದೆ. ಪ್ರಕೃತಿಯ ಮಡಿಲು ಯಾವ ಊರಿಗಿಲ್ಲ? ಅದರ ಬದಲು ಟಾರ್ ರಸ್ತೆಯಿಂದ ಮನೆಗೆ ಎಷ್ಟು ದೂರ, ಸಣ್ಣ ಕಾರು ಬರುತ್ತದೋ ಇಲ್ಲವೋ ಬರೆಸಿ, ಗೆಸ್ಟಿಗೆ ಬೇಕಿರುವುದು ಅದು. ಯಂತ್ರಕ್ಕೆ ಕೊಡುವುದಾದರೆ ನೀವೇ ಬರೆದ ಕರಡನ್ನು ಕೊಟ್ಟು, ತಪ್ಪು ಮಾತ್ರ ತಿದ್ದು, ಹೊಸದೇನೂ ಸೇರಿಸಬೇಡ ಎಂದು ಹೇಳಿ.

ಊರ ಹೆಸರಿನ ಕಾಗುಣಿತ ಒಂದು ಪತ್ರದಲ್ಲಿ ಒಂದೇ ಇರಲಿ. ಇಂಗ್ಲಿಷಿನಲ್ಲಿ ‘ಶಿಮೋಗ’ ಇದ್ದದ್ದು 2014ರ ನವೆಂಬರ್ 1ರಿಂದ ಅಧಿಕೃತವಾಗಿ ‘ಶಿವಮೊಗ್ಗ’ ಆಗಿದೆ. ಮೇಲೆ ಒಂದು, ಕೆಳಗೆ ಒಂದು ಇದ್ದರೆ ಹೊರಗಿನವರು ಎರಡು ಊರು ಅಂದುಕೊಳ್ಳುತ್ತಾರೆ. ಹಳೇ ದಾಖಲೆಯಲ್ಲಿರುವ ಹೆಸರನ್ನು ಮಾತ್ರ ಇದ್ದ ಹಾಗೇ ಬಿಡಿ.

ಆಮೇಲೆ ಜೋರಾಗಿ ಒಮ್ಮೆ ಓದಿ. ಉಸಿರು ಸಾಲದ ಜಾಗದಲ್ಲಿ ವಾಕ್ಯ ತುಂಡು ಮಾಡಿ. ಆತುರವಿಲ್ಲದ ಪತ್ರವಾದರೆ ರಾತ್ರಿ ಬರೆದು ಬೆಳಿಗ್ಗೆ ಕಳಿಸಿ. ಚೆನ್ನಾಗಿ ಬಂದ ಪತ್ರದ ಒಂದು ಪ್ರತಿ ಇಟ್ಟುಕೊಂಡರೆ ಮುಂದಿನ ಗೆಸ್ಟಿಗೆ ಅರ್ಧ ಕೆಲಸ ಉಳಿಯುತ್ತದೆ. ಹಾಗೆ ನಕಲು ತೆಗೆದು ಕಳಿಸುವಾಗ ಹಳೇ ಗೆಸ್ಟಿನ ಹೆಸರು, ತಾರೀಕು, ಮುಂಗಡದ ಮೊತ್ತ ಮೂರನ್ನೂ ಮೊದಲು ಅಳಿಸಿ, ಆಮೇಲೆ ಹೊಸದನ್ನು ತುಂಬಿ.